ಶನಿವಾರಕ್ಕೊಂದು ಸುಲಭದ ಹಾಡು

ಹಡಪಸರ, ಪುಣೆ
ಬುಧವಾರ, ೧೨ ಫೆಬ್ರುವರಿ ೨೦೨೫

ನೀತಕ್ಕಾ,

ಅಕ್ಷರ ನೋಡಿದ ಕೂಡಲೇ ಯಾರೆಂದು ಗೊತ್ತಾಗಿರುತ್ತದೆ. ಈ ಊರಿನಲ್ಲಿ ನಿನಗೆ ಕನ್ನಡದಲ್ಲಿ ಬರೆಯುವವಳು ಈ ಶರಣಮ್ಮ ಒಬ್ಬಳೇ. ನೀನು ಆರಾಮ ಇದ್ದೀ ಎಂದು ತಿಳಿಯುತ್ತೇನೆ ಎಂದು ಬರೆದು ಶುರು ಮಾಡುವುದು ಪದ್ಧತಿ. ಆರಾಮ ಇಲ್ಲ ಎಂದು ಗೊತ್ತಿದ್ದೂ ಹಾಗೆ ಬರೆದರೆ ಸುಳ್ಳಾಗುತ್ತದೆ.

ಕಾಗದವನ್ನು ನಿನ್ನ ಆಫೀಸಿನ ಗೇಟಿನಲ್ಲಿ ಕೊಟ್ಟು ಹೋಗುತ್ತೇನೆ. ಮನೆಗೆ ತಂದರೆ ನಿನ್ನ ಅವ್ವ ಗೌರಾಬಾಯಿಯವರು ಮೊದಲು ಓದುತ್ತಾರೆ. ನೀನು ಶನಿವಾರ ಸಂಜೆ ಕ್ಲಾಸು ಎಂದು ಹೇಳಿ ಎಲ್ಲಿಗೆ ಹೋಗುತ್ತೀ ಎಂದು ಅವರಿಗೆ ತಿಳಿಯುತ್ತದೆ. ಅಷ್ಟು ಮಾಡಲು ಇವತ್ತು ಮನಸ್ಸಾಗಲಿಲ್ಲ.

"ನೀವು" ಎಂದು ಬರೆಯಬೇಕಿತ್ತು. ನನಗೆ ಹದಿನಾಲ್ಕು ತುಂಬಿದ ವರ್ಷ ಗೌರಾಬಾಯಿಯವರು ಅಡುಗೆಮನೆಯಲ್ಲಿ ನಿಲ್ಲಿಸಿ, ಇನ್ನ ಮ್ಯಾಲೆ ನೀತಾಗ ರೀ ಹಚ್ಚಿ ಮಾತಾಡಬೇಕವಾ, ಮನಿಗೆ ಮಂದಿ ಬರ್ತಾರ ಎಂದರು. ಅವತ್ತಿನಿಂದ ಎಂಟು ವರ್ಷ ನಾನು ತಪ್ಪಿಲ್ಲ. ಈ ಕಾಗದದಲ್ಲಿ ಮಾತ್ರ ತಪ್ಪುತ್ತೇನೆ.

ಭಾನುವಾರ ನೀನು ಫೋನಿಗೆ ದನಿ ಕಳಿಸಿದ್ದೆಯಲ್ಲ, ಅದನ್ನು ಮೂರು ಸಲ ಕೇಳಿದೆ. ಮರೆತಿದ್ದರೆ ನೆನಪು ಮಾಡುತ್ತೇನೆ. "ಶರಣೀ, ಆಗಿದ್ದು ಆಗಿ ಹೋತು. ನಾ ಏನೂ ಮನಸ್ಸಿನ್ಯಾಗ ಇಟ್ಕೊಂಡಿಲ್ಲ. ನಿನಗರ ಪಾಪ ಏನ ಗೊತ್ತು, ನಾಲ್ಕನೇತ್ತಾ ಕಲಿತಾಕಿ. ಯಾರ ಹಾಡು ಯಾವುದಂತ ನಿನಗ ಹ್ಯಾಂಗ ತಿಳೀಬೇಕು? ನಾ ಕ್ಷಮಿಸೀನಿ, ಆತಲ್ಲ? ಈಗ ಶನಿವಾರಕ್ಕ ಒಂದು ಹಾಡು ಬರದು ಕೊಡು, ಭಾಳ ಸರಳ ಇರ್ಲಿ. ಹೊಸಾ ಸಾಹೇಬರು ಶುಕ್ರವಾರ ಬಂದಿಳೀತಾರ. ಅವರ ಹಾಡು ಯಾವುದಂತ ಯಾರಿಗೂ ಗೊತ್ತಿಲ್ಲ, ಹಿಂಗಾಗಿ ಈ ಸಲ ತಪ್ಪಾಗೂ ಮಾತೇ ಇಲ್ಲ."

ಹಾಡು ಕೊಟ್ಟಿದ್ದೇನೆ. ಕೊನೆಯ ಹಾಳೆಯಲ್ಲಿದೆ. ಆದರೆ ಹಾರಿ ಅಲ್ಲಿಗೆ ಹೋಗಬೇಡ. ಮೊದಲು ಇದನ್ನು ಓದು. ನೀನು ಕ್ಷಮಿಸದೇ ಇದ್ದಿದ್ದರೆ ನಾನು ಈ ಕಾಗದ ಬರೆಯುತ್ತಲೇ ಇರಲಿಲ್ಲ. ನೀನು ಬೈದಿದ್ದರೆ, ಕೆಲಸದಿಂದ ತೆಗೆಸಿದ್ದರೆ, ಸುಮ್ಮನೆ ಕೂತಿರುತ್ತಿದ್ದೆ. ಪಾಪ, ಏನೂ ಗೊತ್ತಿಲ್ಲ ಎಂದೆಯಲ್ಲ, ಅದು ನನಗೆ ನುಂಗಲಾಗಲಿಲ್ಲ.

ನನಗೆ ಎದುರಿಗೆ ನಿಂತು ಮಾತಾಡಲು ಬರುವುದಿಲ್ಲ. ಎದುರಿನವರ ಕಾಲ ಬೆರಳು ನೋಡುತ್ತಾ ನಿಲ್ಲುತ್ತೇನೆ. ಅದಕ್ಕೆ ಜನ ನನ್ನನ್ನು ಮೆತ್ತಗಿನ ಹುಡುಗಿ ಎನ್ನುತ್ತಾರೆ. ನೀನೂ ಎಂದಿದ್ದೀ. ಬರೆಯುವಾಗ ಮಾತ್ರ ನನಗೆ ಯಾರ ಕಾಲೂ ಕಾಣುವುದಿಲ್ಲ.

ನಾವು ಸುರಪುರದ ಕಡೆಯಿಂದ ಬಂದಾಗ ನನಗೆ ಹತ್ತು, ನಿನಗೆ ಹದಿಮೂರು. ಅಪ್ಪ ತಾಯಪ್ಪ ಕಟ್ಟಡದ ಕೆಲಸಕ್ಕೆ ಹೋದ, ಅವ್ವ ನಿಮ್ಮ ಮನೆಯ ಭಾಂಡೆ ತಿಕ್ಕಲು ಹೋದಳು, ನಾನು ಅವಳ ಹಿಂದೆ. ನಿನ್ನ ಅವ್ವನಿಗೆ ಒಂದೇ ಚಿಂತೆ, ಮುಧೋಳದ ಮಂದಿ ನಾವು, ಮಗಳಿಗೆ ಕನ್ನಡ ಓದಾಕ ಬರೂದಿಲ್ಲಂದ್ರ ನಾಳೆ ಯಾರ ಮುಂದ ಮಾರಿ ತೋರಸಲಿ ಎಂದು. ಮಧ್ಯಾಹ್ನ ನಿನ್ನನ್ನೂ ನನ್ನನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ, ನಿಮ್ಮ ಊರ ಸಾಲ್ಯಾಗ ಏನ ಕಲಿಸ್ಯಾರ ಅದನ್ನ ಇಕಿಗೆ ಕಲಸು ಎಂದರು. ನಿನಗೆ ಮ ಮತ್ತು ವ ಎರಡೂ ಒಂದೇ ಕಾಣುತ್ತಿದ್ದವು. "ಇದರಾಗ ಫರಕ್ ಎಲ್ಲೈತಿ ತೋರಸು" ಎಂದು ಜಗಳ ಮಾಡುತ್ತಿದ್ದೆ. ನಾನು ನಿನ್ನ ಬೆರಳು ಹಿಡಿದು ತೋರಿಸುತ್ತಿದ್ದೆ. ಆರು ತಿಂಗಳಿಗೆ ನೀನು ಅಂಗಡಿ ಕ್ಯಾಲೆಂಡರು ಓದಿದೆ. ಗೌರಾಬಾಯಿಯವರು ಸಂತೋಷಪಟ್ಟು ನಿನಗೆ ಕಿವಿಯೋಲೆ ತಂದರು, ನನಗೆ ನಿನ್ನ ಹಳೆಯ ಫ್ರಾಕು ಕೊಟ್ಟರು. ಅದನ್ನು ನಾನು ಸಿಟ್ಟಿನಿಂದ ಬರೆಯುತ್ತಿಲ್ಲ. ಆ ಫ್ರಾಕು ನನಗೆ ಬಹಳ ಚೆಂದ ಇತ್ತು.

ಎರಡು ವರ್ಷದ ಹಿಂದೆ ಈ ಕೆಲಸ ಕೊಡಿಸಿದವಳೂ ನೀನೇ. ಮಗರಪಟ್ಟಾದ ಪಕ್ಕದ ಈ ಜಪಾನಿ ಹೋಟೆಲಿಗೆ ನಿನ್ನ ಜಪಾನಿ ಕಂಪನಿಯವರು ಊಟಕ್ಕೆ ಬರುತ್ತಾರೆ, ಹಿಂದಿನ ಕರಾವೋಕೆ ಕೋಣೆಗಳಲ್ಲಿ ಯಂತ್ರದ ಬಾಜಾಕ್ಕೆ ಪರದೆ ನೋಡುತ್ತಾ ಮೈಕು ಹಿಡಿದು ಹಾಡುತ್ತಾರೆ. ಬಿಸಿ ಟವೆಲು ಸುತ್ತಿಡುವುದು, ಮೇಜು ಒರೆಸುವುದು, ಮೈಕಿನ ಟೊಪ್ಪಿಗೆ ಬದಲಿಸುವುದು ನನ್ನ ಕೆಲಸ. ಕೆಲಸದ ಮೊದಲ ದಿನವೇ ನೀನು ಬಾಗಿಲಲ್ಲಿ ನಿಲ್ಲಿಸಿ ಹೇಳಿದೆ, ಇಲ್ಲಿ ಅಕ್ಕ ಗಿಕ್ಕ ಬ್ಯಾಡ, ಮೇಡಂ ಅನ್ನು, ಮರಾಠಿ ಮಾತಾಡು. ನಾನು ಮೇಡಂ ಎಂದೆ.

ಕೈ ಮೇಜಿನ ಮೇಲಿದ್ದರೆ ಕಿವಿಗೇನು ಕೆಲಸ? ಬರುವವರು ಅವರೇ, ಹಾಡುವುದು ಅದೇ ನಲವತ್ತು ಐವತ್ತು ಹಾಡು. ಒಂದು ವರ್ಷದಲ್ಲಿ ಎಲ್ಲವೂ ಬಾಯಿಗೆ ಬಂದವು. ಒಂದು ಅಕ್ಷರದ ಅರ್ಥ ಗೊತ್ತಿರಲಿಲ್ಲ. ಆದರೂ ಕೇಳಿದ್ದನ್ನು ಕೇಳಿದ ಹಾಗೆ ಬರೆದುಕೊಂಡೆ. ಜಪಾನಿ ಮಾತು ನಮ್ಮ ಕನ್ನಡ ಅಕ್ಷರದಲ್ಲಿ ಚೆನ್ನಾಗಿ ಕೂರುತ್ತದೆ. ಎಲ್ಲಿ ದೀರ್ಘ, ಎಲ್ಲಿ ಒತ್ತು, ಎಲ್ಲವೂ.

ಕಳೆದ ವರ್ಷ ಹೋಳಿ ಆದ ಮೇಲೆ ಒಂದು ಮಧ್ಯಾಹ್ನ ನೀನು ಒಬ್ಬಳೇ ಬಂದೆ. ಮುಖ ಬಿಳಿಚಿತ್ತು. ಪಾರ್ಟಿಯಲ್ಲಿ ಎಲ್ಲರೂ ಹಾಡಬೇಕಂತೆ, ಕೆಟ್ಟದಾಗಿ ಹಾಡಿದರೆ ಮರೆಯುತ್ತಾರೆ, ಹಾಡದೇ ಕೂತರೆ ಮರೆಯುವುದಿಲ್ಲವಂತೆ ಎಂದೆ. ಜಪಾನಿ ಭಾಷೆಯ ಪರೀಕ್ಷೆ ನೀನು ಪಾಸು ಮಾಡಿದ್ದೀ, ಪರದೆಯ ಮೇಲಿನ ಅಕ್ಷರ ಓದಬಲ್ಲೆ, ಆದರೆ ಅವು ಓಡುತ್ತವೆ, ನಿನ್ನ ಬಾಯಿ ಓಡುವುದಿಲ್ಲ. ಮತ್ತೆ ನಿನ್ನ ದನಿ. ಅದರ ಬಗ್ಗೆ ನಾನು ಒಂದು ವರ್ಷ ಏನೂ ಹೇಳಲಿಲ್ಲ, ಈಗ ಹೇಳುತ್ತೇನೆ. ನಿನ್ನ ದನಿ ಲಿಫ್ಟಿನ ಹಾಗೆ. ಯಾವ ಮಾಳಿಗೆಗೆ ಹೋಗಬೇಕೋ ಅಲ್ಲಿ ನಿಲ್ಲುವುದಿಲ್ಲ, ಎರಡು ಮಾಳಿಗೆಯ ನಡುವೆ ನಿಲ್ಲುತ್ತದೆ.

ಸುಲಭದ ಹಾಡು ಎಂದರೆ ನಿಧಾನದ ಹಾಡು ಎಂದು ನೀನು ತಿಳಿದಿದ್ದೆ. ಅಲ್ಲ ಎಂದು ಕಲಿಸಿದವಳು ನಾನು. ನಿಧಾನದ ಹಾಡಿನಲ್ಲಿ ತಪ್ಪು ಬಚ್ಚಿಡಲು ಜಾಗ ಇರುವುದಿಲ್ಲ. ಮೆಲ್ಲಗೆ ಶುರುವಾಗಿ ಕೊನೆಯ ಸಲ ಒಂದು ಮೆಟ್ಟಿಲು ಮೇಲೆ ಹತ್ತುವ ಹಾಡುಗಳಿವೆ, ಅವು ಮೋಸದವು, ಅವನ್ನು ಬಿಡಬೇಕು. ಒಂದೇ ಸಾಲು ಐದಾರು ಸಲ ಬರುವುದನ್ನು ಹಿಡಿಯಬೇಕು. ಜನ ಚಪ್ಪಾಳೆ ತಟ್ಟಲೇಬೇಕಾದ ಹಾಡು ಎಲ್ಲಕ್ಕಿಂತ ಒಳ್ಳೆಯದು, ಚಪ್ಪಾಳೆಯಲ್ಲಿ ಅರ್ಧ ದನಿ ಮುಚ್ಚಿಹೋಗುತ್ತದೆ. ರಿಮೋಟಿನಲ್ಲಿ ಹಾಡನ್ನು ಎರಡು ಮೆಟ್ಟಿಲು ಕೆಳಗೆ ಇಳಿಸುವ ಗುಂಡಿ ಇದೆ ಎಂದು ನಿನಗೆ ಗೊತ್ತೇ ಇರಲಿಲ್ಲ. ಮೂರು ಹಾಡು ಆರಿಸಿ, ಉಸಿರು ತೆಗೆದುಕೊಳ್ಳುವ ಕಡೆ ಅಡ್ಡಗೆರೆ ಹಾಕಿ, ಕನ್ನಡದಲ್ಲಿ ಬರೆದು ಕೊಟ್ಟೆ. ಮಧ್ಯಾಹ್ನ ಕೋಣೆ ಖಾಲಿ ಇದ್ದಾಗ ಹನ್ನೊಂದು ದಿನ ನಿನ್ನನ್ನು ಹಾಡಿಸಿದೆ. ಆ ಹಾಳೆ ಮೇಜಿನ ಮೇಲೆ ಬಿದ್ದಿದ್ದರೂ ನಿನ್ನ ಆಫೀಸಿನ ಯಾರಿಗೂ ಓದಲು ಬರುವುದಿಲ್ಲ ಎಂದು ನಿನಗೆ ಖುಷಿ ಇತ್ತು. ಮೊದಲ ಪಾರ್ಟಿಯಲ್ಲಿ ಯಂತ್ರ ನಿನಗೆ ನೂರಕ್ಕೆ ಎಪ್ಪತ್ನಾಲ್ಕು ಅಂಕ ಕೊಟ್ಟಿತು. ದೊಡ್ಡ ಸಾಹೇಬರು ಮೊರಿಶಿಮಾ ಅವರೇ ಎದ್ದು ಚಪ್ಪಾಳೆ ತಟ್ಟಿದರು. ನಿನ್ನನ್ನು ಆಫೀಸಿನಲ್ಲಿ ಹಾಡುವ ನೀತಾ ಎಂದು ಕರೆಯಲು ಶುರು ಮಾಡಿದರು. ಯಾರು ಕಲಿಸಿದರು ಎಂದು ಕೇಳಿದಾಗ, ಮನೆಯಲ್ಲಿ ಒಬ್ಬಳೇ ಕಲಿತೆ ಎಂದೆ. ನಾನು ಆಗ ನಿನ್ನ ಮುಂದೆಯೇ ಟವೆಲು ಇಡುತ್ತಿದ್ದೆ. ಅದಕ್ಕೂ ನನಗೆ ಬೇಜಾರಾಗಲಿಲ್ಲ.

ಬೇಜಾರಾದದ್ದು ದಸರೆಯ ಮುಂದಿನ ಶನಿವಾರ. ನಾನು ಮೇಜು ಒರೆಸುತ್ತಾ ನಿನ್ನದೇ ಹಾಡನ್ನು ಬಾಯಲ್ಲೇ ಗುನುಗುತ್ತಿದ್ದೆ. ನಿನ್ನ ಜೊತೆ ಕೆಲಸ ಮಾಡುವ ಸುಖೇಶನ ಕಿವಿಗೆ ಬಿತ್ತು. "ಅರೇ ನೀತಾ, ನಿನ್ನ ಹಾಡು ನಿನಗಿಂತ ಈ ಕೆಲಸದಾಕಿಗೇ ಚಲೋ ಬರ್ತದಲ್ಲ" ಎಂದು ಮರಾಠಿಯಲ್ಲಿ ನಕ್ಕ. ನಿನ್ನ ಮುಖ ನೋಡಿದೆ. ಎಲ್ಲ ಗೊತ್ತಾಗಿಬಿಟ್ಟಿತು ಎಂದು ನೀನು ಹೆದರಿದೆ. ಹೆದರಿ ಏನು ಮಾಡಿದೆ? ನನ್ನನ್ನು ಆಟದ ಸಾಮಾನು ಮಾಡಿದೆ. ಮೈಕು ನನ್ನ ಕೈಗೆ ತುರುಕಿದೆ. "ಗಾ ಕೀ ಗ, ಲಾಜತೇಸ್ ಕಾಯ್", ಹಾಡೇ, ನಾಚ್ತೀಯೇನು ಎಂದೆ. ಅವರ ಕಡೆ ತಿರುಗಿ, ನಾಲ್ಕನೇತ್ತಾ ಪಾಸು, ಒಂದು ಶಬ್ದದ ಅರ್ಥ ಗೊತ್ತಿಲ್ಲ, ಗಿಳಿ ಇದ್ದ ಹಾಗೆ, ಮಜಾ ನೋಡ್ರಿ ಎಂದೆ. ಸುಖೇಶ ಬೇಕೆಂದೇ ಎಲ್ಲಕ್ಕಿಂತ ಓಡುವ ಹಾಡು ಹಾಕಿದ. ನಾನು ತಪ್ಪಿದ್ದರೆ ನೀವೆಲ್ಲ ಒಂದು ಸಲ ನಕ್ಕು ಬಿಟ್ಟುಬಿಡುತ್ತಿದ್ದಿರೋ ಏನೋ. ನನ್ನ ದುರ್ದೈವ, ತಪ್ಪಲಿಲ್ಲ. ಯಂತ್ರ ತೊಂಬತ್ತೊಂದು ಕೊಟ್ಟಿತು. ನಗು ಇನ್ನೂ ಜೋರಾಯಿತು. ಒಂದು ಕೈಯಲ್ಲಿ ಮೈಕು, ಒಂದು ಕೈಯಲ್ಲಿ ಒದ್ದೆ ಬಟ್ಟೆ, ಸುತ್ತ ಗ್ಲಾಸು ಹಿಡಿದ ಗಂಡಸರು. ಅದನ್ನು ಸುಖೇಶ ಫೋನಿನಲ್ಲಿ ಹಿಡಿದ, ಮೇಲೆ ಒಂದು ನಗುವ ಮಾತು ಬರೆದು ಎಲ್ಲರ ಫೋನಿಗೆ ಬಿಟ್ಟ.

ಹನ್ನೆರಡು ದಿನಕ್ಕೆ ಅದು ನಾವಿರುವ ಕೂಲಿಯವರ ಶೆಡ್ಡುಗಳವರೆಗೆ ಬಂತು. ನನಗೂ ಮನೋಹರನಿಗೂ ಆಗ ನಿಶ್ಚಯ ಆಗಿತ್ತು. ನೆಲಕ್ಕೆ ಫರಸಿ ಕೂರಿಸುವ ಕೆಲಸದವನು, ನಮ್ಮ ಕಡೆಯವನೇ, ಮಾತು ಕಡಿಮೆ. ಅವನ ಅವ್ವ ಮಾನಮ್ಮ ಫೋನು ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದು, "ಕುಡದ ಕುಂತ ಗಂಡಸರ ಮುಂದ ಮೈಕ ಹಿಡದು ಕುಣಿಯಾಕಿನ್ನ ನಮ್ಮ ಮನಿಗೆ ಹಾಕ್ತೀಯೇನೋ ತಾಯಪ್ಪ" ಎಂದು ಇಡೀ ಸಾಲು ಕೇಳುವಂತೆ ಕೇಳಿದಳು. ನಾನು ಕುಣಿದಿರಲಿಲ್ಲ. ಅಪ್ಪ ನನ್ನನ್ನು ಹೊಡೆಯಲಿಲ್ಲ. ಊಟ ಬಿಟ್ಟು ಗೋಡೆಯ ಕಡೆ ತಿರುಗಿ ಮಲಗಿದ. ಅದಕ್ಕಿಂತ ಹೊಡೆದಿದ್ದರೆ ಚಲೋ ಇತ್ತು.

ಆಗ ನಾನು ನಿನ್ನ ಹತ್ತಿರ ಬಂದೆ. ನೆನಪಿದೆಯಾ? ನಿಮ್ಮ ಸೊಸೈಟಿ ಕಟ್ಟಡದ ಮೆಟ್ಟಿಲ ಕೆಳಗೆ ನಿಂತು, ಜೀವಮಾನದಲ್ಲಿ ಮೊದಲ ಸಲ ಬಾಯಿ ತೆಗೆದು ಕೇಳಿದೆ. ಅಕ್ಕಾರ, ಒಂದ್ ಸಲ ಬಂದು ಮಾನಮ್ಮನ ಮುಂದ ಹೇಳ್ರಿ, ಅದು ಮರ್ಯಾದಿ ಜಾಗ ಐತಿ, ನಾನೂ ಅಲ್ಲೇ ಇದ್ದೆ, ನಾನೇ ಹಾಡಂತ ಹೇಳಿದೆ ಅಂತ ಹೇಳ್ರಿ, ನಿಮ್ಮಂಥಾ ಮನಿ ಮಗಳು ಹೇಳಿದ್ರ ಅವರು ನಂಬ್ತಾರ ಎಂದೆ. ನೀನು ಬೀಗದ ಕೈ ತಿರುಗಿಸಿದೆ. ಆಮೇಲೆ ಹೇಳಿದೆ, "ನಾ ಅಲ್ಲಿ ಇದ್ದೆ ಅಂತ ಹ್ಯಾಂಗ ಹೇಳ್ಲಿ ಶರಣೀ? ನಮ್ಮವ್ವಗ ಗೊತ್ತಾದ್ರ ಮುಗೀತು. ನಿನಗೇನು, ಇವನ ಬಿಟ್ಟರ ಇನ್ನೊಬ್ಬಾಂವ ಸಿಗ್ತಾನ."

ಇನ್ನೊಬ್ಬ ಸಿಕ್ಕಿಲ್ಲ. ಮನೋಹರನಿಗೆ ಇನ್ನೊಬ್ಬಳು ಸಿಕ್ಕಳು. ಜನವರಿ ಮೊದಲ ವಾರ ಮದುವೆಯಾಯಿತು. ಅವರ ಶೆಡ್ಡು ನಮ್ಮದರಿಂದ ಏಳನೆಯದು, ನೀರಿನ ಪಾಳಿ ಅವಳದೂ ನನ್ನದೂ ಒಂದೇ. ನನ್ನ ಕೊಡ ತುಂಬಿದ ಮೇಲೆ ಅವಳು ತನ್ನ ಕೊಡ ಇಡುತ್ತಾಳೆ. ಒಳ್ಳೆಯ ಹುಡುಗಿ. ನನ್ನ ಕಡೆ ನೋಡಿ ನಗುತ್ತಾಳೆ.

ಅದೇ ವಾರ ನೀನು ಮತ್ತೆ ಬಂದೆ. ಮೊರಿಶಿಮಾ ಸಾಹೇಬರು ತಮ್ಮ ದೇಶಕ್ಕೆ ತಿರುಗಿ ಹೋಗುತ್ತಾರೆ, ಬೀಳ್ಕೊಡುವ ಪಾರ್ಟಿ ಇದೆ. ಹೋಗುವ ಮೊದಲು ಒಬ್ಬರ ಹೆಸರು ಬರೆದು ಹೋಗುತ್ತಾರೆ, ಆ ಒಬ್ಬರು ಎರಡು ವರ್ಷ ಜಪಾನಿನ ದೊಡ್ಡ ಆಫೀಸಿಗೆ ಹೋಗುತ್ತಾರೆ. ನೀನು, ಇಲ್ಲವೇ ಸುಖೇಶ. ಹಾಡಿನಿಂದ ಯಾರನ್ನೂ ಕಳಿಸುವುದಿಲ್ಲ, ಆದರೆ ಹತ್ತು ಮಂದಿಯಲ್ಲಿ ಹ್ಯಾಗಿರ್ತಾರ ಅಂತ ಅದರಾಗೇ ನೋಡ್ತಾರ ಎಂದೆ. ಹೆಸರು ಬರದಿದ್ದರೆ ಏಪ್ರಿಲ್‌ನಲ್ಲಿ ಸ್ವಪ್ನಿಲ್ ಜೊತೆ ಮದುವೆ ಎಂದು ಗೌರಾಬಾಯಿಯವರು ಮಾತು ಕೊಟ್ಟುಬಿಟ್ಟಿದ್ದಾರೆ ಎಂದೂ ಹೇಳಿದೆ. ಅವನ ಬಟ್ಟೆ ಅಂಗಡಿಯ ಗಲ್ಲೆಯ ಹಿಂದೆ ಕೂತು ಸಾಯುತ್ತೇನೆ ಎಂದು ನನ್ನ ಎದುರಿಗೇ ಅತ್ತೆ. ನನ್ನ ಮದುವೆ ಮುರಿದದ್ದರ ಬಗ್ಗೆ ಕೇಳಲಿಲ್ಲ. ಮರೆತಿದ್ದೆಯೋ, ನೆನಪಿದ್ದೂ ಕೇಳಲಿಲ್ಲವೋ, ಗೊತ್ತಿಲ್ಲ. ಮುಖ ಒರೆಸಿಕೊಂಡು, "ಒಂದು ಸರಳ ಹಾಡು ಆರಿಸಿ ಕೊಡು, ಹಿರೇ ಮನುಷ್ಯಾರಿಗೆ ಹಿಡಿಸುವಂಥಾದ್ದು" ಎಂದೆ.

ನಾನು ಆರಿಸಿ ಕೊಟ್ಟೆ.

ಈಗ ಕೇಳು. ಜಪಾನಿನವರಲ್ಲಿ ಒಬ್ಬೊಬ್ಬರಿಗೂ ತಮ್ಮದೇ ಒಂದು ಹಾಡು ಇರುತ್ತದೆ. ಅದಕ್ಕೆ ಹದಿನೆಂಟನೇ ನಂಬರು ಎಂದು ಹೆಸರು. ಆರು ವರ್ಷ ಅಲ್ಲಿ ಅಡುಗೆ ಮಾಡಿ ಬಂದ ನಮ್ಮ ಹೋಟೆಲಿನ ಮಧುಕರ ಮಾಮಾ ಹೇಳಿದ್ದು. ಅವರು ಇರುವಾಗ ಅವರ ಹಾಡನ್ನು ಬೇರೆಯವರು ಮುಟ್ಟುವುದಿಲ್ಲ. ಹಿರಿಯ ಸಾಹೇಬರದ್ದಂತೂ ಮುಟ್ಟುವುದೇ ಇಲ್ಲ. ಊಟಕ್ಕೆ ಕೂತವರ ತಾಟಿಗೆ ಕೈ ಹಾಕಿದ ಹಾಗೆ. ಮೊರಿಶಿಮಾ ಸಾಹೇಬರ ಹಾಡು ಎಲ್ಲರಿಗೂ ಗೊತ್ತು, ಸುಖೇಶನಿಗೂ ಗೊತ್ತು. ನಿನಗೊಬ್ಬಳಿಗೆ ಗೊತ್ತಿರಲಿಲ್ಲ. ಯಾಕೆಂದರೆ ಅವರು ಎಲ್ಲರದೂ ಮುಗಿದ ಮೇಲೆ ಹಾಡುತ್ತಾರೆ, ನೀನು ಅವ್ವನಿಗೆ ಹೆದರಿ ಎಂಟು ಗಂಟೆಗೆ ಚಪ್ಪಲಿ ಮೆಟ್ಟುತ್ತೀ. ಒಂದು ವರ್ಷದಲ್ಲಿ ಒಂದು ಸಲವೂ ನೀನು ಅವರು ಹಾಡಿದ್ದು ಕೇಳಿರಲಿಲ್ಲ. ನಾನು ಪ್ರತಿ ಸಲ ಕೇಳಿದ್ದೇನೆ. ಅವರು ಹಾಡುವಾಗ ಎಲ್ಲರೂ ಗ್ಲಾಸು ಕೆಳಗಿಡುತ್ತಾರೆ. ಅವರ ಹೆಂಡತಿಯ ಹಾಡು ಅದು. ಹೆಂಡತಿ ಈಗ ಇಲ್ಲ.

ಹಾಡು ನಿಜಕ್ಕೂ ಸುಲಭ ಇತ್ತು ನೀತಕ್ಕಾ. ಅದರಲ್ಲಿ ನಾನು ನಿನಗೆ ಮೋಸ ಮಾಡಲಿಲ್ಲ. ಮೇಲೆ ಹತ್ತುವುದಿಲ್ಲ, ಸಾಲು ಚಿಕ್ಕವು, ಉಸಿರಿಗೆ ಬೇಕಾದಷ್ಟು ಜಾಗ. ನಿನಗೆ ಹೇಳಿ ಹೊಲಿದ ಹಾಗಿತ್ತು. ಒಂಬತ್ತು ದಿನ ಕಲಿಸಿದೆ. ಯಾರ ಹಾಡು ಎಂಬುದೊಂದನ್ನು ಮಾತ್ರ ಹೇಳಲಿಲ್ಲ. ಒಂಬತ್ತು ದಿನವೂ ಹೇಳಲಿಲ್ಲ. ಐದನೆಯ ದಿನ ನೀನು ನನಗೆ ನಿಮ್ಮ ಮನೆಯ ಶೇಂಗಾ ಹೋಳಿಗೆ ತಂದಿದ್ದೆ. ತಿಂದೆ, ಆದರೂ ಹೇಳಲಿಲ್ಲ.

ಅವತ್ತು ಎಲ್ಲರಿಗಿಂತ ಚಿಕ್ಕವಳೆಂದು ಮೊದಲು ನೀನೇ ಎದ್ದೆ. ಹಸಿರು ಸೀರೆ ಉಟ್ಟಿದ್ದೆ. ಬಾಜಾ ಶುರುವಾಯಿತು. ಸುಖೇಶ ತಲೆ ಎತ್ತಿದ. ಅವನಿಗೆ ಗೊತ್ತಾಯಿತು. ಬೇಕಿದ್ದರೆ ನಿಲ್ಲಿಸಬಹುದಿತ್ತು, ಅವನು ಕಾಲ ಮೇಲೆ ಕಾಲು ಹಾಕಿ ಕೂತ. ನಾನು ಬಾಗಿಲ ಹತ್ತಿರ ಟವೆಲಿನ ತಟ್ಟೆ ಹಿಡಿದು ನಿಂತಿದ್ದೆ. ಬೇಕಿದ್ದರೆ ನಾನೂ ತಟ್ಟೆ ಕೆಡವಬಹುದಿತ್ತು. ನೀನು ಅಷ್ಟು ಚೆನ್ನಾಗಿ ಎಂದೂ ಹಾಡಿರಲಿಲ್ಲ. ಒಂದು ಕಡೆಯೂ ನಡುವೆ ನಿಲ್ಲಲಿಲ್ಲ. ಎರಡನೇ ಸಾಲಿಗೆ ಎಲ್ಲರ ಚಪ್ಪಾಳೆ ನಿಂತಿತು, ಅದನ್ನು ನೀನು ನಿನ್ನ ಹಾಡಿಗೆ ಮೈಮರೆತಿದ್ದಾರೆ ಎಂದು ತಿಳಿದು ನಕ್ಕೆ. ಮೊರಿಶಿಮಾ ಸಾಹೇಬರು ಎದ್ದರು. ನಿನಗಲ್ಲ, ಪರದೆಗೆ ಒಂದು ಸಲ ಬಗ್ಗಿದರು. ಹೊರಗೆ ಬಂದು ಬೂಟು ಹಾಕಿಕೊಂಡರು. ದಾರ ಕಟ್ಟದೆ ಹಾಗೇ ಕಾರಿನ ಕಡೆ ಹೋದರು. ಹೋಗುವಾಗ ನನಗೆ ಯಾವಾಗಿನಂತೆ ತಲೆ ಬಗ್ಗಿಸಿದರು. ಎರಡು ವರ್ಷದಲ್ಲಿ ಆ ಹೋಟೆಲಿನಲ್ಲಿ ನನಗೆ ತಲೆ ಬಗ್ಗಿಸಿದವರು ಅವರೊಬ್ಬರೇ. ಅವರಿಗೆ ಮಾಡಿದ್ದು ನನಗೆ ಈಗಲೂ ಊಟದಲ್ಲಿ ಕಲ್ಲಿನ ಹಾಗೆ ಸಿಕ್ಕುತ್ತದೆ. ನಿನಗೆ ಮಾಡಿದ್ದು ಸಿಕ್ಕುವುದಿಲ್ಲ. ಹುಡುಕಿ ನೋಡಿದ್ದೇನೆ.

ಯಂತ್ರ ಎಂಬತ್ತೆಂಟು ತೋರಿಸಿತು. ಯಾರೂ ನೋಡಲಿಲ್ಲ. ಆಗ ನೀನು ನನ್ನ ಕಡೆ ತಿರುಗಿ, ಎಲ್ಲರ ಎದುರಿಗೆ, ಆ ಜಾಗದಲ್ಲಿ ಮೊದಲ ಸಲ ಕನ್ನಡ ಮಾತಾಡಿದೆ. "ಶರಣೀ, ನಾ ಏನ ಹಾಡಿದೆ?" ಎಂದೆ. ಸಣ್ಣ ಹುಡುಗಿಯ ದನಿ ಅದು, ಚಾಪೆಯ ಮೇಲೆ ಕೂತು ಮ ಯಾವುದು ವ ಯಾವುದು ಎಂದು ಕೇಳುತ್ತಿದ್ದ ದನಿ. ನಾನು ನಿನ್ನ ಕಾಲ ಬೆರಳು ನೋಡಲಿಲ್ಲ. ಮುಖವನ್ನೇ ನೋಡಿ, "ಮಲಾ ಮಾಹೀತ್ ನಾಹೀ, ಮೇಡಂ" ಎಂದೆ. ನನಗೆ ಗೊತ್ತಿಲ್ಲ, ಮೇಡಂ. ನೀನೇ ಹೇಳಿದ್ದೆಯಲ್ಲ, ಇಲ್ಲಿ ಮರಾಠಿ ಮಾತಾಡು ಎಂದು.

ಸಾಹೇಬರು ಯಾರ ಹೆಸರನ್ನೂ ಬರೆಯದೆ ಹೋದರು ಎಂದು ಆಮೇಲೆ ಗೊತ್ತಾಯಿತು. ಹೊಸಬರು ಬಂದು ನೋಡಿ ಆರಿಸಲಿ ಎಂದು ಬಿಟ್ಟರಂತೆ. ಇದ್ದ ಒಂದು ಬಾಗಿಲು ನಿನಗೆ ಪೂರ್ತಿ ಮುಚ್ಚಲಿಲ್ಲ. ಈ ಶನಿವಾರ ಸ್ವಾಗತದ ಪಾರ್ಟಿ, ನಿನಗೊಂದು ಹಾಡು, ಸುಖೇಶನಿಗೊಂದು ಹಾಡು. ಕಡಿಮೆ ಓದಿದವಳು, ಗೊತ್ತಿಲ್ಲದೆ ಕೊಟ್ಟಳು ಎಂದು ನೀನು ನನ್ನನ್ನು ಕ್ಷಮಿಸಿ ಮತ್ತೆ ನನ್ನ ಹತ್ತಿರವೇ ಬಂದಿದ್ದೀ. ಬೇರೆ ಯಾರ ಹತ್ತಿರ ಹೋಗಲು ಸಾಧ್ಯ? ನಾಲ್ಕು ದಿನದಲ್ಲಿ ಕೇಳಿ ಕಲಿಯುವ ಕಿವಿ ನಿನಗಿಲ್ಲ. ಹಳೆಯ ಮೂರು ಹಾಡನ್ನು ಆಫೀಸಿನವರು ಕೇಳಿ ಕೇಳಿ ಸಾಕಾಗಿದ್ದಾರೆ, ಮತ್ತೆ ಅದನ್ನೇ ಹಾಡಿದರೆ ಸುಖೇಶ ನಗುತ್ತಾನೆ ಎಂದು ನೀನೇ ಹೇಳಿದ್ದೀ. ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದೇ ಕೊಟ್ಟೆ ಎಂದು ಇವತ್ತು ಬರೆದೆ. ಈಗ ಕ್ಷಮಿಸು ನೋಡೋಣ.

ಕೊನೆಯ ಹಾಳೆಯ ಹಾಡಿನಲ್ಲಿ ಒಂಬತ್ತು ಸಾಲಿವೆ, ಕೆಳಗೆ ಗೆರೆ ಎಳೆದ ಸಾಲು ಐದು ಸಲ ಬರುತ್ತದೆ. ಎರಡು ಮೆಟ್ಟಿಲು ಇಳಿಸಿಕೋ. ಮೂರನೇ ಸಾಲಿನಲ್ಲಿ ನೀನು ಯಾವಾಗಲೂ ಅವಸರ ಮಾಡುತ್ತೀ, ಅಲ್ಲಿ ಮನಸ್ಸಿನಲ್ಲಿ ಎರಡು ಎಣಿಸಿ ಬಾಯಿ ತೆಗೆ. ಮೈಕನ್ನು ತುಟಿಗೆ ಅಂಟಿಸಬೇಡ, ಒಂದು ಮುಷ್ಟಿ ದೂರ ಇರಲಿ. ಕಣ್ಣು ಮುಚ್ಚಬೇಡ, ಕಣ್ಣು ಮುಚ್ಚಿದರೆ ನಿನ್ನ ದನಿ ಜಾರುತ್ತದೆ. ಗುರುವಾರ, ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಕೋಣೆ ಖಾಲಿ ಇರುತ್ತದೆ. ಬಂದರೆ ಹಾಡಿಸುತ್ತೇನೆ, ತಪ್ಪಿದ ಕಡೆ ತಿದ್ದುತ್ತೇನೆ. ಅದರಲ್ಲಿ ಎಂದೂ ನಾನು ಕಳ್ಳತನ ಮಾಡಿಲ್ಲ, ಈಗಲೂ ಮಾಡುವುದಿಲ್ಲ.

ಇದು ಯಾರ ಹಾಡು ಎಂದು ಮಾತ್ರ ಕೇಳಬೇಡ. ಯಾರದೂ ಅಲ್ಲ ಎಂದರೆ ನೀನು ನಂಬುವುದಿಲ್ಲ. ಯಾರದೋ ಎಂದರೆ, ನಿನ್ನನ್ನು ಹೆದರಿಸಿ ಒಳ್ಳೆಯ ಹಾಡು ಬಿಡಿಸುತ್ತಿದ್ದೇನೆ ಎಂದು ತಿಳಿಯುತ್ತೀ. ಹೊಸ ಸಾಹೇಬರ ಹಾಡು ಯಾರಿಗೂ ಗೊತ್ತಿಲ್ಲ ಎಂದು ನೀನು ಧೈರ್ಯದಿಂದ ಇದ್ದೀಯಲ್ಲ, ಆ ಧೈರ್ಯದಿಂದಲೇ ಹಾಡು. ಅಥವಾ ಹಾಡದೇ ಕೂತುಕೋ. ಹಾಡದೇ ಕೂತವರನ್ನು ಅವರು ಮರೆಯುವುದಿಲ್ಲ ಎಂದು ನನಗೆ ಹೇಳಿದವಳು ನೀನೇ.

ಗೌರಾಬಾಯಿಯವರಿಗೆ ನನ್ನ ನಮಸ್ಕಾರ ತಿಳಿಸುವುದು ಬೇಡ.

ಶರಣಮ್ಮ ತಾಯಪ್ಪ

ತಾ.ಕ.: ಹೊಸ ಸಾಹೇಬರು ಶುಕ್ರವಾರ ಬರುತ್ತಾರೆ ಎಂದು ನಿನ್ನ ಆಫೀಸಿನವರು ತಿಳಿದಿದ್ದಾರೆ. ಅವರು ಸೋಮವಾರವೇ ಬಂದಿದ್ದಾರೆ, ಮಧುಕರ ಮಾಮಾನಿಗೆ ಅವರೇ ಹೇಳಿದರು. ನಿನ್ನೆ ಮಧ್ಯಾಹ್ನ ಒಬ್ಬರೇ ನಮ್ಮಲ್ಲಿಗೆ ಊಟಕ್ಕೆ ಬಂದರು. ಊಟ ಆದ ಮೇಲೆ ಕೋಣೆ ತೆಗೆಸಿ ನಾಲ್ಕು ಹಾಡು ಹಾಡಿದರು. ನಾಲ್ಕೂ ಸುಲಭದವೇ.